ಮೂಸೆಗೆ ಬಿದ್ದ ಒಳಲೆ

ಒಳಲೆ ಎಂದರೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಹಸುಗೂಸಿಗೆ ಹಾಲು, ಔಷಧಿ ಕುಡಿಸುವ ಪುಟ್ಟ ಬಟ್ಟಲು ಅದು. ಒಂದು ಕಡೆ ಹಕ್ಕಿಯ ಕೊಕ್ಕಿನ ಹಾಗೆ ಚಾಚಿದ ಬಾಯಿ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಆ ಕೊಕ್ಕನ್ನು ತುಟಿಯ ಮೂಲೆಗೆ ಹಿಡಿದು, ಬಜೆ, ಜಾಯಿಕಾಯಿ ತೇಯ್ದ ಹಾಲನ್ನು ತೊಟ್ಟುತೊಟ್ಟಾಗಿ ಇಳಿಸುತ್ತಿದ್ದರು. ಇಲ್ಲದವರ ಮನೆಯಲ್ಲಿ ಹಿತ್ತಾಳೆಯದು, ಇದ್ದವರ ಮನೆಯಲ್ಲಿ ಬೆಳ್ಳಿಯದು. ಕಳೆದ ಬೇಸಿಗೆಯಲ್ಲಿ ನಮ್ಮ ತಾಲ್ಲೂಕು ಪೇಟೆಯ ಒಂದು ಬೆಳ್ಳಿ ಬಂಗಾರದ ಅಂಗಡಿಯ ಗಾಜಿನ ಮೇಜಿನ ಮೇಲೆ ಅಂಥದೊಂದು ಒಳಲೆ ಬಿದ್ದಿತ್ತು. ಮೈಯೆಲ್ಲ ಕಪ್ಪಾಗಿ, ಮಣ್ಣು ಮೆತ್ತಿಕೊಂಡು, ಹೊಟ್ಟೆಗೆ ಗುದ್ದಲಿ ಪೆಟ್ಟು ತಿಂದು.

ಹೆಂಡತಿಯ ಕಾಲುಂಗುರಕ್ಕೆ ಬೆಸುಗೆ ಹಾಕಿಸಲು ಹೋಗಿದ್ದೆ. ಗಲ್ಲಾದ ಮೇಲೆ ಕೂತಿದ್ದವನು ನನ್ನ ಹಳೇ ವಿದ್ಯಾರ್ಥಿ. ಎದ್ದು ನಿಂತು, ‘ಬರ್ರಿ ಸರ’ ಎಂದು ಸ್ಟೂಲು ಎಳೆದ. ಮೇಜಿನ ಮೇಲಿದ್ದ ರಾಶಿ ನೋಡಿ, ಏನಪ್ಪ ಇದು ಎಂದು ಕೇಳಿದೆ.

‘ಮುರುಕು ಬೆಳ್ಳಿ ಸರ. ಹಾಳೂರಾಗ ಸಿಕ್ಕಾವಂತ. ಹುಡುಗ್ರು ಮಷೀನ್ ತಗಂಡು ಹೋಗಿದ್ರಂತ.’

‘ಯಾವ ಮನಿ ಜಾಗದಾಗ ಸಿಕ್ಕಾವು, ಕೇಳಿದೇನು?’

‘ಅದೆಲ್ಲ ನಾವು ಕೇಳಂಗಿಲ್ಲ ಸರ. ತೂಕ, ಟಂಚು, ಅಷ್ಟಾ.’

ತೂಕ, ಟಂಚು ಎಂದರೆ ಲೋಹದ ಶುದ್ಧತೆ, ಅಷ್ಟೇ. ಅಂದಿನಿಂದ ಇಂದಿನವರೆಗೆ ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಏಳನೇ ತರಗತಿಯಲ್ಲಿ ಇತಿಹಾಸ ಕಲಿಸಿದವನು ನಾನೇ. ಕಾಲುಬುಡದ ಮಣ್ಣಿನಲ್ಲೂ ಇತಿಹಾಸವಿದೆ ಎಂದು ನಾವ್ಯಾರೂ ಅವನಿಗೆ ತೋರಿಸಿ ಕೊಡಲಿಲ್ಲ. ಸಿಟ್ಟಿರುವುದು ಬೇರೆ ಕಡೆ, ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಆ ರಾಶಿಯಲ್ಲಿ ಏನೇನಿತ್ತು ಎಂದು ಮೊದಲು ದಾಖಲಿಸುತ್ತೇನೆ, ಯಾಕೆಂದರೆ ಬೇರೆ ಯಾರೂ ದಾಖಲಿಸಿಲ್ಲ. ಒಂದು ಒಳಲೆ. ಇಷ್ಟಲಿಂಗ ಇಡುವ ಕರಡಿಗೆಯ ಅರ್ಧ. ಹಿಡಿ ಬಾಗಿದ ಒಂದು ಉದ್ಧರಣೆ. ಐದು ಕಾಲುಂಗುರ, ಅವುಗಳಲ್ಲಿ ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು. ಸುಣ್ಣದ ಡಬ್ಬಿಯ ಮುಚ್ಚಳ. ನಡುವೆ ಮುರಿದು ಎರಡು ತುಂಡಾಗಿದ್ದ ಒಂದು ವಿಲಾಯಿತಿ ಚಮಚ. ಜೊತೆಗೆ ಒಂದಷ್ಟು ಹಳೇ ರೂಪಾಯಿಗಳೂ ಇದ್ದವಂತೆ, ಅವನ್ನು ನಾಣ್ಯದ ವ್ಯಾಪಾರದವರು ಹಿಂದಿನ ದಿನವೇ ಒಯ್ದಿದ್ದರು. ಕರಡಿಗೆ ಲಿಂಗವಂತರ ಮನೆಯದು, ಉದ್ಧರಣೆ ಬ್ರಾಹ್ಮಣರ ಮನೆಯದು, ಕಾಲುಂಗುರ ಯಾರದೋ. ಎರಡು ಮೂರು ಮನೆಗಳ ಬದುಕು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಲಸಿ ಹೋಗಿತ್ತು. ಯಾವುದು ಎಲ್ಲಿತ್ತು, ಯಾವುದರ ಪಕ್ಕದಲ್ಲಿ ಯಾವುದಿತ್ತು ಎಂದು ಇನ್ನು ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಊರು ಹಗರಿ ಹೊಳೆಯ ದಂಡೆಯದು. ಹೆಸರು ಬರೆಯುವುದಿಲ್ಲ, ಬರೆದರೆ ನಾಳೆಯೇ ಇನ್ನಷ್ಟು ಗುದ್ದಲಿಗಳು ಅಲ್ಲಿಗೆ ಹೋಗುತ್ತವೆ. ಕಂದಾಯದ ಕಡತಗಳಲ್ಲಿ ಇಂಥ ಊರುಗಳನ್ನು ಬೇಚರಾಕ್ ಗ್ರಾಮ ಎಂದು ಬರೆಯುತ್ತಾರೆ. ಪಾರ್ಸಿಯಿಂದ ಬಂದ ಮಾತು. ಚಿರಾಗ್ ಎಂದರೆ ದೀಪ. ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಸಂಜೆ ದೀಪ ಹಚ್ಚುವವರು ಇಲ್ಲದ ಊರಿಗೂ ಸರ್ವೆ ನಂಬರಿದೆ, ಗಡಿಕಲ್ಲಿದೆ, ಹೆಸರಿದೆ. ಬರ, ಕಾಲರಾ, ಪ್ಲೇಗು, ಹೊಳೆಯ ಪ್ರವಾಹ, ದಂಡುಗಳ ಹಾವಳಿ, ಯಾವುದೋ ಒಂದು ಕಾರಣಕ್ಕೆ ಜನ ಬಿಟ್ಟು ಹೋದ ಊರುಗಳು ಇವು. ಬಳ್ಳಾರಿ, ರಾಯಚೂರು, ಕೊಪ್ಪಳ, ವಿಜಯಪುರದ ಕಡೆ ತಿರುಗಿದವರಿಗೆ ಗೊತ್ತು: ಜಾಲಿಗಿಡಗಳ ನಡುವೆ ಒಂದು ಮಣ್ಣಿನ ದಿಬ್ಬ, ಬಿದ್ದ ಗೋಡೆಯ ಗೆರೆಗಳು, ಒಂದು ಒರಳುಕಲ್ಲು, ಮೈತುಂಬ ಎಣ್ಣೆ ಕುಡಿದು ನಿಂತ ಹನುಮಪ್ಪ. ಪಕ್ಕದೂರಿನವರು ವರ್ಷಕ್ಕೊಮ್ಮೆ ಬಂದು ಅವನಿಗೆ ಕಾಯಿ ಒಡೆದು ಹೋಗುತ್ತಾರೆ. ಅವರಲ್ಲಿ ಕೆಲವರು ಆ ಊರು ಬಿಟ್ಟು ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು.

ಒಳಲೆಯನ್ನು ಕೈಗೆ ತೆಗೆದುಕೊಂಡೆ. ಅಂಗಡಿಯ ಭೂತಗನ್ನಡಿ ಕೇಳಿ ಪಡೆದೆ. ಮಣ್ಣಿನಲ್ಲಿ ಇಷ್ಟು ವರ್ಷ ಬಿದ್ದಿದ್ದ ಬೆಳ್ಳಿ ಹೊಳೆಯುವುದಿಲ್ಲ. ಮೇಲೆ ಕಪ್ಪು ಹೊರೆ ಕಟ್ಟಿರುತ್ತದೆ. ಬೆಳ್ಳಿಗೆ ಬೆರೆಸಿದ ತಾಮ್ರ ಹೊರಗೆ ಬಂದು ಅಲ್ಲಲ್ಲಿ ಹಸಿರು ಕಿಲುಬಾಗಿರುತ್ತದೆ. ಅದನ್ನು ಹುಣಸೆಹುಳಿ ಹಾಕಿ ಉಜ್ಜಿದರೆ ಮುಗಿಯಿತು, ಕೆತ್ತಿದ ಅಕ್ಷರವೂ ಹೋಗುತ್ತದೆ. ಪುಣ್ಯಕ್ಕೆ ಇದನ್ನು ಇನ್ನೂ ಯಾರೂ ಉಜ್ಜಿರಲಿಲ್ಲ. ಒಳಮೈಯಲ್ಲಿ ಸುತ್ತಿಗೆಯ ಪೆಟ್ಟಿನ ಗುರುತುಗಳು ಮೀನಿನ ಪೊರೆಯ ಹಾಗೆ ಕಾಣುತ್ತಿದ್ದವು. ಅಂದರೆ ಯಂತ್ರದಲ್ಲಿ ಒತ್ತಿದ ತಗಡಲ್ಲ, ಪತ್ತಾರನೊಬ್ಬ ಕೂತು ಬಡಿದು ಎಬ್ಬಿಸಿದ್ದು. ಕೊಕ್ಕನ್ನು ಬೇರೆಯಾಗಿ ಮಾಡಿ ಬೆಸೆದಿದ್ದ. ತಳದ ಅಂಚಿಗೆ, ನಮ್ಮ ಹಳೇ ಪಾತ್ರೆಗಳ ಮೇಲೆ ಹೆಸರು ಹಾಕುತ್ತಿದ್ದ ಹಾಗೆಯೇ, ಉಳಿಯ ಚುಕ್ಕಿಗಳಲ್ಲಿ ಅಕ್ಷರಗಳಿದ್ದವು. ಉಗುರಿನಿಂದ ಮಣ್ಣು ಬಿಡಿಸಿದೆ. ‘ಧಾತು ಸಂ’ ಎಂದಿತ್ತು. ಮುಂದೆ ಗುದ್ದಲಿಯ ಏಟು. ಆ ಗಾಯದ ಆಚೆ ‘ವ್ವಗೆ’ ಎಂಬ ಎರಡೇ ಅಕ್ಷರ.

ಯಾವುದೋ ಅವ್ವನಿಗೆ, ಧಾತು ಸಂವತ್ಸರದಲ್ಲಿ, ಯಾರೋ ಕೊಟ್ಟದ್ದು. ಬಾಣಂತನಕ್ಕೆ ತವರಿನವರು ಮಾಡಿಸಿದ್ದಿರಬೇಕು. ಅವಳ ಹೆಸರು ಇದ್ದ ಜಾಗವನ್ನೇ ಗುದ್ದಲಿ ತಿಂದಿತ್ತು.

ಟಂಚು ಎಷ್ಟು ಬಂತು ಎಂದು ಕೇಳಿದೆ. ತೊಂಬತ್ತೊಂದರ ಮೇಲೆ ಎಂದ. ಇದಕ್ಕೂ ಅರ್ಥವಿದೆ. 1835ರಿಂದ ಕಂಪನಿ ಸರ್ಕಾರ ಹೊಡೆದ ಏಕರೂಪದ ರೂಪಾಯಿಯಲ್ಲಿ ಹನ್ನೆರಡು ಭಾಗಕ್ಕೆ ಹನ್ನೊಂದು ಭಾಗ ಬೆಳ್ಳಿ. ಅಂದರೆ ನೂರಕ್ಕೆ ತೊಂಬತ್ತೊಂದೂವರೆಗಿಂತ ತುಸು ಹೆಚ್ಚು. ತೂಕ ಸರಿಯಾಗಿ ಒಂದು ತೊಲ. ಹಾಗಾಗಿ ಹಳ್ಳಿಯ ಪತ್ತಾರರಿಗೆ ರೂಪಾಯಿಯೇ ತೂಕದ ಬಟ್ಟು, ರೂಪಾಯಿಯೇ ಕಚ್ಚಾ ಮಾಲು. ನಾಲ್ಕು ತೊಲದ ಒಳಲೆ ಬೇಕಾದರೆ ನಾಲ್ಕು ರೂಪಾಯಿ ಕೊಟ್ಟು ಕರಗಿಸಿ ಮಾಡಿಸಿಕೊಳ್ಳುತ್ತಿದ್ದರು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸುವ ತನಕ ಇದೇ ಲೆಕ್ಕ. ಆದ್ದರಿಂದ ಈ ಒಳಲೆ ಬಹುಮಟ್ಟಿಗೆ 1835ಕ್ಕೂ 1940ಕ್ಕೂ ನಡುವಿನದು.

ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಧಾತು ಸಂವತ್ಸರ ಆ ಅವಧಿಯಲ್ಲಿ ಎರಡು ಸಲ ಬಂದಿದೆ. ಒಂದು 1936-37. ಇನ್ನೊಂದು 1876-77.

1876-77 ಎಂದರೆ ಏನೆಂದು ನಮ್ಮ ಸೀಮೆಯ ಹಿರಿಯರನ್ನು ಕೇಳಬೇಕು. ಧಾತು, ಈಶ್ವರ ಎರಡು ಸಂವತ್ಸರ ಮಳೆ ಕೈಕೊಟ್ಟ ದೊಡ್ಡ ಬರ ಅದು. ಮದ್ರಾಸ್ ಪ್ರಾಂತ್ಯದ ಬಳ್ಳಾರಿ, ಮುಂಬೈ ಪ್ರಾಂತ್ಯದ ಧಾರವಾಡ, ಕಲಾದಗಿ, ಇತ್ತ ಮೈಸೂರು ಸಂಸ್ಥಾನ, ಎಲ್ಲ ಕಡೆಯೂ ಜನ ಹುಳಗಳ ಹಾಗೆ ಸತ್ತರು. ಬರದ ಕಾಮಗಾರಿಯಲ್ಲಿ ಕಲ್ಲು ಹೊರುವ ಕೂಲಿಗೆ ದಿನಕ್ಕೆ ಒಂದು ಪೌಂಡು ಕಾಳು ಸಾಕು ಎಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ತೀರ್ಮಾನ ಮಾಡಿದ್ದು ಆಗಲೇ. ಜನ ಮೊದಲು ದನ ಮಾರಿದರು, ಆಮೇಲೆ ಬಾಗಿಲು ತೊಲೆ ಮಾರಿದರು, ಮೈಮೇಲಿನ ಬೆಳ್ಳಿ ಮಾರಿದರು. ದಕ್ಷಿಣದ ಹಳ್ಳಿಗಳ ಕಡಗ, ಉಡಿದಾರಗಳು ಮುಂಬೈ ಟಂಕಸಾಲೆಯ ಕುಲುಮೆಗೆ ಹೋದವು. ಅಂಥ ಕಾಲದಲ್ಲೂ ಒಬ್ಬ ತಾಯಿ ಮಾರದೆ ಉಳಿಸಿಕೊಂಡ ಒಳಲೆಯೇ ಇದು? ನೆಲದಲ್ಲಿ ಹೂತಿಟ್ಟು, ಮಳೆ ಬಂದ ಮೇಲೆ ತಿರುಗಿ ಬರುತ್ತೇನೆಂದು ಹೋಗಿ ಬಾರದೆ ಹೋದಳೇ? ಅಥವಾ ಅರವತ್ತು ವರ್ಷ ಕಳೆದು, ಸುಭಿಕ್ಷದ ದಿನಗಳಲ್ಲಿ ಹುಟ್ಟಿದ ಮಗುವಿಗೆ ಮಾಡಿಸಿದ್ದೇ?

ಇದಕ್ಕೆ ಉತ್ತರ ಹೇಳಬಲ್ಲ ಸಾಕ್ಷಿ ಆ ಗುಂಡಿಯಲ್ಲೇ ಇತ್ತು. ನಾಣ್ಯದವರು ಒಯ್ದರಲ್ಲ, ಆ ರೂಪಾಯಿಗಳು. 1877ನೇ ಇಸವಿಯ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರಿದ. ಇಲ್ಲಿ ಹೆಣ ಎತ್ತಲು ಜನರಿಲ್ಲದಿದ್ದಾಗ ಅಲ್ಲಿ ಔತಣ ನಡೆಯಿತು. ಆ ವರ್ಷದಿಂದ ರೂಪಾಯಿಯ ಮೇಲೆ ‘ವಿಕ್ಟೋರಿಯಾ ಕ್ವೀನ್’ ಎಂದಿದ್ದದ್ದು ‘ವಿಕ್ಟೋರಿಯಾ ಎಂಪ್ರೆಸ್’ ಎಂದಾಯಿತು. ಒಳಲೆಯ ಜೊತೆ ಒಂದೇ ಗಡಿಗೆಯಲ್ಲಿ ಬರೀ ಕ್ವೀನ್ ರೂಪಾಯಿಗಳು ಇದ್ದಿದ್ದರೆ ಒಂದು ಮಾತು. ಐದನೇ ಜಾರ್ಜನ ರೂಪಾಯಿ ಒಂದೇ ಒಂದು ಇದ್ದಿದ್ದರೂ ಬೇರೆ ಮಾತು. ಒಂದು ನಾಣ್ಯ, ಅದು ಬಿದ್ದಿದ್ದ ಜಾಗ, ಇಷ್ಟೇ ಸಾಕಾಗಿತ್ತು. ನಾಣ್ಯ ಈಗ ಯಾವ ಊರಿನ ಯಾರ ಆಲ್ಬಮ್ಮಿನಲ್ಲಿದೆಯೋ. ಇರುವ ನಾಣ್ಯವನ್ನು ತಂದುಕೊಟ್ಟರೂ ಉಪಯೋಗವಿಲ್ಲ. ಅದು ಯಾವ ಗುಂಡಿಯದೆಂದು ಹೇಳುವವರು ಯಾರು?

ಮುರಿದ ಚಮಚವನ್ನೂ ನೋಡಿದೆ. ಹಿಡಿಯ ಹಿಂದೆ ಇಪಿಎನ್‌ಎಸ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ. ಹಾಗೆಂದರೆ ಬೆಳ್ಳಿಯಲ್ಲ, ತಾಮ್ರ, ನಿಕಲ್, ಸತುವು ಕೂಡಿದ ಜರ್ಮನ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ನೀರು ಕುಡಿಸಿದ್ದು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಮನೆತನದವರು ಇದಕ್ಕೆ ಪೇಟೆಂಟು ಪಡೆದದ್ದು 1840ರಲ್ಲಿ. ಅಂದರೆ ಚಮಚ ಅದಕ್ಕಿಂತ ಹಿಂದಿನದಲ್ಲ. ಅಪ್ಪಟ ಬೆಳ್ಳಿಯದಾಗಿದ್ದರೆ ನಡೆಯುವ ಸಿಂಹದ ಮುದ್ರೆ, ಊರಿನ ಮುದ್ರೆ, ವರ್ಷದ ಅಕ್ಷರ ಇರುತ್ತಿತ್ತು. 1890ಕ್ಕಿಂತ ಹಿಂದಿನದಾಗಿದ್ದರೆ ಸುಂಕ ಕಟ್ಟಿದ ಗುರುತಿಗೆ ರಾಜನದೋ ರಾಣಿಯದೋ ತಲೆ ಇರುತ್ತಿತ್ತು. ಈ ಚಮಚ ಒಂದು ಬೇಚರಾಕ್ ಹಳ್ಳಿಗೆ ಯಾರ ಕೈಯಿಂದ ಬಂತು? ದೊರೆಯ ಬಟ್ಲರನ ಕೈಯಿಂದಲೋ, ಮಿಷನ್ನಿನವರಿಂದಲೋ, ಬರದ ಕಾಮಗಾರಿಯ ಡೇರೆಯಿಂದಲೋ? ಯಾರೂ ಕೇಳಲಿಲ್ಲ. ಒಳಗೆ ಬೆಳ್ಳಿ ಇದೆಯೇ ಎಂದು ನೋಡಲು ಮೊಣಕಾಲಿಗೆ ಹಚ್ಚಿ ಲಟ್ಟನೆ ಮುರಿದರು. ಬೆಳ್ಳಿಯಲ್ಲ ಎಂದು ಗೊತ್ತಾದ ಮೇಲೆ ಕಸದ ಡಬ್ಬಿಗೆ ಹೋಗುವುದಿತ್ತು, ನಾನು ಕೇಳಿ ಇಸಿದುಕೊಂಡೆ. ಆ ಎರಡು ತುಂಡು ಮಾತ್ರ ನನ್ನ ಹತ್ತಿರ ಉಳಿದಿವೆ.

ಅಂದು ಶನಿವಾರ. ಒಳಲೆಯ ಚಿತ್ರ ಫೋನಿನಲ್ಲಿ ತೆಗೆದೆ. ಎರಡು ದಿನ ಕರಗಿಸಬೇಡಪ್ಪ ಎಂದು ಹುಡುಗನಿಗೆ ಕೈಮುಗಿದು ಹೇಳಿದೆ. ದುಡ್ಡು ಕೊಟ್ಟು ಕೊಂಡುಬಿಡೋಣ ಎಂದು ಒಂದು ಕ್ಷಣ ಅನಿಸಿತು. ಕೊಂಡರೆ ನಾನೂ ಆ ಗುಂಡಿ ತೋಡಿದವರ ಗಿರಾಕಿಯಾಗುತ್ತೇನೆ ಎಂದು ಕೈ ಹಿಂದೆಗೆದೆ. ಹೊರಗೆ ಬಂದು ಒಂದು ಸರ್ಕಾರಿ ಕಚೇರಿಗೆ ಫೋನು ಮಾಡಿದೆ. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಅದು ಸಂರಕ್ಷಿತ ಸ್ಮಾರಕವಲ್ಲ ಎಂದರು. ಇನ್ನೊಂದು ಕಚೇರಿಗೆ ಮಾಡಿದೆ. ಸೋಮವಾರ ಬಂದು ಲಿಖಿತ ಅರ್ಜಿ ಕೊಡಿ ಎಂದರು. ಸೋಮವಾರ ಅರ್ಜಿ ಬರೆದುಕೊಂಡು ಹೋಗುವ ದಾರಿಯಲ್ಲಿ ಅಂಗಡಿಗೆ ಹೋದೆ. ಹುಡುಗ ತಲೆ ತಗ್ಗಿಸಿದ. ‘ಅಪ್ಪಾಜಿ ಕರಗಿಸಿಬಿಟ್ರು ಸರ. ನಿನ್ನೆ ರೇಟು ಏರಿತ್ತು.’ ಬಿಳಿಗಾರ ಹಾಕಿ ಮೂಸೆಯಲ್ಲಿಟ್ಟರೆ ಬೆಳ್ಳಿ ಕರಗಲು 962 ಡಿಗ್ರಿ ಶಾಖ ಸಾಕು. ಐದೋ ಹತ್ತೋ ನಿಮಿಷದ ಕೆಲಸ.

ಬರಗಾಲದಲ್ಲಿ ಒಡವೆ ಕರಗಿಸಿದವರ ಹೊಟ್ಟೆಯಲ್ಲಿ ಹಸಿವಿತ್ತು. ಈ ಒಳಲೆ ಕರಗಿಸಿದವರಿಗೆ ಯಾವ ಹಸಿವಿತ್ತು?

ಆ ಸಂಜೆ ಬೈಕು ಹಾಕಿಕೊಂಡು ಹಾಳೂರಿಗೆ ಹೋದೆ. ಹದಿನಾಲ್ಕು ಗುಂಡಿಗಳಿದ್ದವು. ಮೊಣಕಾಲು ಮಟ್ಟದವು ಕೆಲವು, ಎರಡು ಆಳೆತ್ತರದವು. ಆಳದವೆರಡೂ ಹಗೇವುಗಳು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ನಮ್ಮ ಕಡೆ ಎಲ್ಲ ಹಳೇ ಮನೆಗಳಲ್ಲೂ ಇತ್ತು. ಹಗೇವಿನ ಬಾಯಿಕಲ್ಲನ್ನು ಹಾರೆಯಿಂದ ಒಡೆದು ಪಕ್ಕಕ್ಕೆ ಉರುಳಿಸಿದ್ದರು. ಸುತ್ತಲೂ ಎಸೆದ ಮಣ್ಣಿನಲ್ಲಿ ಬೋಕಿಗಳು, ಗಾಜಿನ ಬಳೆಚೂರುಗಳು, ಒಂದು ಮಣ್ಣಿನ ಬಸವಣ್ಣನ ಮುರಿದ ಡುಬ್ಬ, ತುಕ್ಕು ತಿಂದ ಕುಡುಗೋಲಿನ ತುದಿ, ಕಪ್ಪಾಗಿ ಸುಟ್ಟ ಕಾಳಿನ ಹಿಡಿ. ಹುಡುಗರು ತಂದ ಲೋಹಶೋಧಕ ಯಂತ್ರಕ್ಕೆ ಲೋಹ ಮಾತ್ರ ಕೇಳಿಸುತ್ತದೆ. ಮಡಕೆ ಕೇಳಿಸುವುದಿಲ್ಲ, ಬಳೆ ಕೇಳಿಸುವುದಿಲ್ಲ, ಸುಟ್ಟ ಜೋಳ ಕೇಳಿಸುವುದಿಲ್ಲ. ಬೆಳ್ಳಿ ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಲೋಹವಾದ್ದರಿಂದ ಅದಕ್ಕೆ ಯಂತ್ರ ಗಟ್ಟಿಯಾಗಿ ಕೂಗುತ್ತದೆ, ಕೂಗಿದಲ್ಲಿ ಗುದ್ದಲಿ ಬೀಳುತ್ತದೆ, ಕೂಗದ್ದೆಲ್ಲ ಕಸ. ಆ ಕಾಳು ಯಾವುದು, ಯಾವ ಕಾಲದ್ದು, ಹಗೇವು ಸುಟ್ಟದ್ದೇಕೆ ಎಂದು ಹೇಳಬಲ್ಲ ವಿಜ್ಞಾನ ಇವತ್ತು ಇದೆ. ಆದರೆ ಕಾಳು ಇದ್ದ ಪದರ ಇರಬೇಕು. ಮಣ್ಣಿನ ಪದರವೆಂದರೆ ಪುಸ್ತಕದ ಹಾಳೆ ಎಂದು ಪಾಠ ಹೇಳುತ್ತಿದ್ದೆ. ಇಲ್ಲಿ ನೋಡಿದರೆ ಹಾಳೆಗಳನ್ನೆಲ್ಲ ಕಿತ್ತು, ಹಿಂಡಿ, ಗಾಳಿಗೆ ತೂರಿದ್ದರು.

ಒಂದು ಗುಂಡಿಯ ಅಂಚಿನಲ್ಲಿ ನಿಂಬೆಹಣ್ಣು, ಕುಂಕುಮ, ಕೋಳಿಯ ಪುಕ್ಕ. ಹಿಂದೆ ಅಂಜನ ಹಚ್ಚಿದ ವೀಳ್ಯದೆಲೆಯಲ್ಲಿ ನಿಧಿ ಕಾಣುತ್ತದೆ ಎನ್ನುತ್ತಿದ್ದರು. ಈಗ ಅಂಜನದ ಜೊತೆ ಯಂತ್ರವೂ ಸೇರಿದೆ, ಎರಡೂ ಒಂದೇ ಚೀಲದಲ್ಲಿ ಬರುತ್ತವೆ. ನಿಧಿ ಹುಡುಕಲು ನಡೆಸುವ ಅಮಾನುಷ ವಾಮಾಚಾರವನ್ನು ರಾಜ್ಯದ 2017ರ ಕಾಯ್ದೆ ಹೆಸರಿಟ್ಟು ನಿಷೇಧಿಸಿದೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ರಾತ್ರೋರಾತ್ರಿ ನಿಧಿಗಾಗಿ ಕೆಡವಿದಾಗ ನಾಡೆಲ್ಲ ಕೂಗಿತು. ಕೂಗಬೇಕಾದದ್ದೇ. ಯತಿಯೊಬ್ಬರ ಸಮಾಧಿಗೆ ಭಕ್ತರಿದ್ದರು, ಅವರು ಓಡಿ ಬಂದು ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿದರು. ಒಬ್ಬ ಒಕ್ಕಲಿಗಿತ್ತಿಯ ಹಗೇವಿಗೆ ಯಾರು ಓಡಿ ಬರುತ್ತಾರೆ? ಅವಳ ಹೆಸರೇ ಗುದ್ದಲಿಗೆ ಸಿಕ್ಕಿ ಹೋಗಿದೆ.

ಇದೇ ನನ್ನ ತಕರಾರು. ನಮ್ಮಲ್ಲಿ ರಾಜರಿಗೆ ಶಾಸನಗಳಿವೆ, ಗುಡಿಗಳಿಗೆ ಬೇಲಿಯಿದೆ, ಮಠಗಳಿಗೆ ಭಕ್ತರಿದ್ದಾರೆ. ಬಿತ್ತಿದವರ, ಬೀಸಿದವರ, ಹೆತ್ತವರ ಇತಿಹಾಸಕ್ಕೆ ಇರುವ ಒಂದೇ ಗ್ರಂಥಾಲಯ ಈ ಹಾಳೂರುಗಳ ಮಣ್ಣು. ಅವರ ಬಗ್ಗೆ ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಅವರು ತಾವೇ ಬರೆದುಕೊಂಡದ್ದು ಒಂದು ಒಳಲೆಯ ತಳದಲ್ಲಿ, ಒಂದು ತಂಬಿಗೆಯ ಕಂಠದಲ್ಲಿ, ಚುಕ್ಕಿ ಚುಕ್ಕಿಯಾಗಿ. ಅಷ್ಟನ್ನೂ ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದೇವೆ.

ಕಾನೂನು ಇಲ್ಲವೆಂದಲ್ಲ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ವಸ್ತು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರಿಗೆ ಬರೆದು ತಿಳಿಸಬೇಕಿತ್ತು. ಆದರೆ ಆ ಹಳೇ ಕಾಯ್ದೆಯ ಮನಸ್ಸು ನೋಡಿ: ಸಿಕ್ಕದ್ದನ್ನು ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆ ಮತ್ತು ಅದರ ಮೇಲೆ ಐದನೇ ಒಂದು ಭಾಗ ಕೊಟ್ಟರೆ ಸಾಕಿತ್ತು. ಇತಿಹಾಸಕ್ಕೆ ಅದು ಕಟ್ಟಿದ ಬೆಲೆ ನೂರಕ್ಕೆ ಇಪ್ಪತ್ತು. ಕಾಯ್ದೆಯೂ ತೂಕವನ್ನೇ ನೋಡಿತು, ಟಂಚನ್ನೇ ನೋಡಿತು. 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ವಸ್ತುವನ್ನು ಪುರಾವಸ್ತು ಎನ್ನುತ್ತದೆ. ಒಳಲೆ 1876ರದಾದರೆ ಪುರಾವಸ್ತು, 1936ರದಾದರೆ ಅಲ್ಲ. ಯಾವುದೆಂದು ಹೇಳಬಹುದಾಗಿದ್ದ ನಾಣ್ಯವನ್ನು ಮೊದಲೇ ಮಾರಿ, ಒಳಲೆಯನ್ನು ಆಮೇಲೆ ಕರಗಿಸಿದ ಮೇಲೆ ಕಾಯ್ದೆ ಹಿಡಿದುಕೊಂಡು ಯಾರನ್ನು ಕೇಳುವುದು?

ಇದು ಎಲ್ಲ ಕಡೆ ನಡೆಯುವುದೇ ಎಂದು ಯಾರೂ ಸಮಾಧಾನ ಹೇಳಬೇಡಿ. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಸಫೊಕ್ ಜಿಲ್ಲೆಯ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಎರಿಕ್ ಲಾಸ್ ಎಂಬಾತ ಇದೇ ಥರದ ಯಂತ್ರ ಹಿಡಿದು ಹೋದ. ಯಂತ್ರ ಕೂಗಿತು, ಅಗೆದ, ಚಿನ್ನ ಬೆಳ್ಳಿ ಕಂಡಿತು. ಒಂದಷ್ಟು ಎತ್ತಿದವನು ಅಲ್ಲಿಗೇ ಕೈ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ. ಮರುದಿನವೇ ಪುರಾತತ್ವದವರು ಬಂದು ಉಳಿದದ್ದನ್ನು ಇದ್ದ ಹಾಗೆಯೇ ಬಿಡಿಸಿದರು. ಹದಿನೈದು ಸಾವಿರದಷ್ಟು ರೋಮನ್ ನಾಣ್ಯ, ನೂರರ ಹತ್ತಿರ ಬೆಳ್ಳಿಯ ಚಮಚ, ಸೌಟುಗಳು. ಅವನ್ನು ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಹೂತಿದ್ದರೆಂದು ಗೊತ್ತಾಯಿತು, ಪೆಟ್ಟಿಗೆಯ ಮರ ಕೊಳೆತುಹೋಗಿದ್ದರೂ. ಹತ್ತು ಚಮಚಗಳ ಮೇಲೆ ಔರೇಲಿಯಸ್ ಉರ್ಸಿಸಿನಸ್ ಎಂಬ ಹೆಸರಿತ್ತು. ಸಾವಿರದ ಆರುನೂರು ವರ್ಷ ಹಿಂದೆ ಊಟಕ್ಕೆ ಕೂತ ಒಬ್ಬನ ಹೆಸರು ಅಲ್ಲಿ ಉಳಿಯಿತು. ಆ ಸುತ್ತಿಗೆಯೂ ಸಿಕ್ಕಿತು, ಅದೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಹುಡುಕಿದವನಿಗೆ ಸಿಕ್ಕ ಹದಿನೇಳೂವರೆ ಲಕ್ಷ ಪೌಂಡನ್ನು ಅವನು ಹೊಲದ ರೈತನ ಜೊತೆ ಹಂಚಿಕೊಂಡ. ಅಲ್ಲೂ ಕಳ್ಳರಿಲ್ಲವೆಂದಲ್ಲ, 2015ರಲ್ಲಿ ಹೆರ್‌ಫರ್ಡ್‌ಶೈರಿನಲ್ಲಿ ಸಿಕ್ಕ ವೈಕಿಂಗ್ ಕಾಲದ ನಿಧಿಯನ್ನು ಮುಚ್ಚಿಟ್ಟು ಮಾರಿದವರು 2019ರಲ್ಲಿ ಜೈಲಿಗೆ ಹೋದರು.

ಅಷ್ಟು ದೂರವೂ ಬೇಡ. 1891ರಲ್ಲಿ ಯಶವಂತಪುರದಲ್ಲಿ ರೈಲು ಹಾದಿಗಾಗಿ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅಗೆದವರು ಹೊಟ್ಟೆಪಾಡಿನ ಕೂಲಿಗಳು. ಆ ನಾಣ್ಯಗಳು ಚಿಕ್ಕಪೇಟೆಯ ಮೂಸೆಗೆ ಬೀಳದೆ ದಾಖಲೆಗೆ ಬಂದದ್ದರಿಂದಲೇ ಇವತ್ತು ಬೆಂಗಳೂರಿನ ನೆಲಕ್ಕೆ ಎರಡು ಸಾವಿರ ವರ್ಷದ ಚರಿತ್ರೆ ಇದೆ ಎಂದು ಎದೆತಟ್ಟಿ ಹೇಳುತ್ತೇವೆ.

ಯಂತ್ರ ಹಿಡಿದ ಹುಡುಗರಿಗೆ ಹೇಳುತ್ತೇನೆ: ನೀವು ಅಗೆಯುತ್ತಿರುವುದು ಯಾರದೋ ರಾಜನ ಖಜಾನೆಯಲ್ಲ, ನಿಮ್ಮ ಅಜ್ಜಿಯ ಅಜ್ಜಿಯ ಅಡುಗೆಮನೆ. ಚಿನ್ನದ ಕೊಪ್ಪರಿಗೆ ಯಾರಿಗೂ ಸಿಕ್ಕಿಲ್ಲ. ಸಿಕ್ಕದ್ದು ಕಾಲುಂಗುರ, ಮಾರಿ ಬಂದದ್ದು ಎರಡು ದಿನದ ಖರ್ಚಿಗಾಗುವಷ್ಟು. ಅಂಗಡಿಯವರಿಗೆ ಹೇಳುತ್ತೇನೆ: ಮಣ್ಣು ಮೆತ್ತಿದ ಬೆಳ್ಳಿ ಬಂದರೆ ತಕ್ಕಡಿಗೆ ಹಾಕುವ ಮುಂಚೆ ಎಲ್ಲಿಯದೆಂದು ಕೇಳಿ, ಚಿತ್ರ ತೆಗೆಯಿರಿ, ತಹಸೀಲ್ದಾರರಿಗೆ ತಿಳಿಸಿ. ಒರೆಗಲ್ಲು ಹಿಡಿದ ಕೈಗೆ ಅಕ್ಷರ ಓದುವ ಹೊಣೆಯೂ ಇದೆ. ಆ ಚುಕ್ಕಿ ಹೊಡೆದವರು ನಿಮ್ಮ ಹಿರಿಯರೇ. ಮನೆಗಳಲ್ಲಿ ಹಳೇ ಬೆಳ್ಳಿ ಕೊಟ್ಟು ಹೊಳೆಯುವ ಹೊಸ ಪೂಜಾ ಸೆಟ್ಟು ತರುವ ತಾಯಂದಿರಿಗೆ ಹೇಳುತ್ತೇನೆ: ಕೊಡುವ ಮುಂಚೆ ತಿರುಗಿಸಿ ತಳ ನೋಡಿ. ಹೆಸರಿದ್ದರೆ, ಸಂವತ್ಸರವಿದ್ದರೆ, ಬರೆದಿಟ್ಟುಕೊಳ್ಳಿ, ಆಗುವುದಾದರೆ ಕೊಡಲೇಬೇಡಿ. ಹೊಲ ಊಳುವಾಗ, ಪಾಯ ತೆಗೆಯುವಾಗ ಏನಾದರೂ ಸಿಕ್ಕರೆ ತೊಳೆಯಬೇಡಿ, ಉಜ್ಜಬೇಡಿ, ಅಲ್ಲಿಗೇ ಗುದ್ದಲಿ ನಿಲ್ಲಿಸಿ.

ಸರ್ಕಾರಕ್ಕೆ ಕೇಳುವುದು ಇಷ್ಟೇ. ಬೇಚರಾಕ್ ಗ್ರಾಮಗಳ ಪಟ್ಟಿ ಪ್ರತಿ ತಾಲ್ಲೂಕು ಕಚೇರಿಯಲ್ಲಿ ಈಗಾಗಲೇ ಇದೆ, ಹೊಸದಾಗಿ ಹುಡುಕಬೇಕಿಲ್ಲ. ಆ ಪಟ್ಟಿಯನ್ನು ಪುರಾತತ್ವ ಇಲಾಖೆಯ ಕೈಗೆ ಕೊಡಿ. ಊರುಗುಡ್ಡೆಯ ಸರ್ವೆ ನಂಬರನ್ನು ಗುರುತಿಸಿ, ಅಗೆಯುವಂತಿಲ್ಲ ಎಂದು ಒಂದು ಫಲಕ ನೆಡಿ. ದೂರು ಕೊಟ್ಟವನನ್ನು ಸೋಮವಾರ ಬಾ ಎನ್ನಬೇಡಿ.

ನಾನು ಕೊಟ್ಟ ಅರ್ಜಿಗೆ ಈ ತನಕ ಉತ್ತರ ಬಂದಿಲ್ಲ. ಆ ಹಾಳೂರಿನಲ್ಲಿ ಯಂತ್ರ ಮುಟ್ಟದ ಮನೆ ಜಾಗಗಳು ಇನ್ನೂ ಹನ್ನೊಂದು ಉಳಿದಿವೆ. ಹನುಮಪ್ಪನ ಕಟ್ಟೆಯ ಮೇಲೆ ನಿಂತು ಎಣಿಸಿ ಬಂದಿದ್ದೇನೆ.